ಅಫಿಲಿಯೇಟ್ ಮಾರಾಟ ಕಾರ್ಯಕ್ರಮ

ಅಫಿಲಿಯೇಟ್ ಮಾರಾಟ ಕಾರ್ಯಕ್ರಮ ಎಂಬುದು ಒಂದು ಮಾರಾಟ ಸಂಸ್ಥೆಯು ತನ್ನ ನೌಕರರಲ್ಲದ ಹೊರಗಿನವರ ಮೂಲಕ ಗ್ರಾಹಕರನ್ನು ಪಡೆದು, ಹಾಗೆ ಬಂದ ಗ್ರಾಹಕರು ಖರೀದಿ ಮಾಡಿದಾಗ ಮಾತ್ರ ಅವರಿಗೆ ಕಮಿಷನ್ ನೀಡುವ ಅಂತರ್ಜಾಲ ವ್ಯಾಪಾರದ ಏರ್ಪಾಡು. ಈ ಹೊರಗಿನವರನ್ನು ಅಫಿಲಿಯೇಟ್‌ಗಳು, ಪಾಲುದಾರರು ಅಥವಾ ಪ್ರಕಾಶಕರು ಎಂದು ಕರೆಯಲಾಗುತ್ತದೆ. ಪುಸ್ತಕ ವಿಮರ್ಶೆಯ ಜಾಲತಾಣ, ಮೊಬೈಲ್ ಫೋನುಗಳನ್ನು ಪರೀಕ್ಷಿಸುವ ವೀಡಿಯೊ ವಾಹಿನಿ, ರಿಯಾಯಿತಿ ಕೂಪನ್‌ಗಳ ತಾಣ, ಕ್ಯಾಶ್‌ಬ್ಯಾಕ್ ಆ್ಯಪ್ ಮುಂತಾದವು ಇದರ ಸಾಮಾನ್ಯ ಉದಾಹರಣೆಗಳು.

ಪತ್ರಿಕೆಯ ಜಾಹೀರಾತಿಗೆ ವ್ಯಾಪಾರಿ ಮುಂಗಡವಾಗಿ ಹಣ ಕೊಡುತ್ತಾನೆ. ಮಾರಾಟ ಆಗದಿದ್ದರೆ ನಷ್ಟ ಅವನದು. ಅಫಿಲಿಯೇಟ್ ಏರ್ಪಾಡಿನಲ್ಲಿ ಈ ನಷ್ಟದ ಭಯ ಪಾಲುದಾರನ ಪಾಲಿಗೆ ವರ್ಗವಾಗುತ್ತದೆ. ಲೇಖನ ಬರೆಯುವ, ವಸ್ತುವನ್ನು ಪರೀಕ್ಷಿಸುವ, ಓದುಗರನ್ನು ಗಳಿಸುವ ಶ್ರಮವನ್ನು ಅವನು ಮೊದಲೇ ಹಾಕಿರುತ್ತಾನೆ. ಪ್ರತಿಫಲ ತಿಂಗಳುಗಳ ಅಥವಾ ವರ್ಷಗಳ ನಂತರ ಬರುತ್ತದೆ. ಆದರೆ ಕಮಿಷನ್ ದರವನ್ನು ಬದಲಿಸುವ, ಖಾತೆಯನ್ನು ಮುಚ್ಚುವ ಅಧಿಕಾರ ಬಹುತೇಕ ಕರಾರುಗಳಲ್ಲಿ ಸಂಸ್ಥೆಯೊಂದರ ಕೈಯಲ್ಲೇ ಇರುತ್ತದೆ. ಪಾಲುದಾರರು ಒಂದು ಕಾರ್ಯಕ್ರಮದಲ್ಲಿ ಬಹುಕಾಲ ಉಳಿಯುವರೇ ಇಲ್ಲವೇ ಎಂಬುದು ದರ ಎಷ್ಟು ದೊಡ್ಡದು ಎಂಬುದಕ್ಕಿಂತ ಹೆಚ್ಚಾಗಿ, ಈ ಅಸಮ ಅಧಿಕಾರವನ್ನು ಸಂಸ್ಥೆ ಹೇಗೆ ಬಳಸುತ್ತದೆ ಎಂಬುದನ್ನು ಅವಲಂಬಿಸಿರುವುದು ಈ ಕ್ಷೇತ್ರದ ಇತಿಹಾಸದಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ.

ಕಾರ್ಯವಿಧಾನ

ಕಾರ್ಯಕ್ರಮಕ್ಕೆ ಸೇರಿದ ಪ್ರತಿ ಪಾಲುದಾರನಿಗೆ ಒಂದು ಗುರುತು ಸಂಖ್ಯೆ ದೊರೆಯುತ್ತದೆ. ಅವನು ತನ್ನ ಪುಟದಲ್ಲಿ ಹಾಕುವ ಕೊಂಡಿಯಲ್ಲಿ ಈ ಗುರುತು ಅಡಕವಾಗಿರುತ್ತದೆ. ಓದುಗರು ಆ ಕೊಂಡಿಯನ್ನು ಒತ್ತಿ ವ್ಯಾಪಾರಿಯ ತಾಣಕ್ಕೆ ಹೋದಾಗ, ಅವರ ಬ್ರೌಸರ್‌ನಲ್ಲಿ ಕುಕೀ ಎಂಬ ಚಿಕ್ಕ ಕಡತ ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಅವರು ಏನನ್ನಾದರೂ ಕೊಂಡರೆ, ಕುಕೀಯಲ್ಲಿರುವ ಗುರುತನ್ನು ನೋಡಿ ಮಾರಾಟವನ್ನು ಆ ಪಾಲುದಾರನ ಖಾತೆಗೆ ಸೇರಿಸಲಾಗುತ್ತದೆ. ಕುಕೀಯನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲ್ಲಿ ರೂಪಿಸಿದರು. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಗ್ರಾಹಕನ ನೆನಪು ಉಳಿಯಲೆಂದು ಮಾಡಿದ ಈ ಸಾಧನವಿಲ್ಲದೆ ಅಫಿಲಿಯೇಟ್ ವ್ಯಾಪಾರ ಇಂದಿನ ರೂಪಕ್ಕೆ ಬರುತ್ತಿರಲಿಲ್ಲ.

ಉದಾಹರಣೆಗೆ, ಮಿಕ್ಸರ್‌ಗಳ ಬಗ್ಗೆ ಬರೆದ ಲೇಖನವೊಂದರ ಕೊಂಡಿಯಿಂದ ಹೋದ ಗ್ರಾಹಕರು 3,000 ರೂಪಾಯಿಯ ಮಿಕ್ಸರ್ ಕೊಂಡರು ಮತ್ತು ಕಮಿಷನ್ ಶೇಕಡಾ 5 ಎಂದುಕೊಂಡರೆ, ಬರಹಗಾರನಿಗೆ 150 ರೂಪಾಯಿ ಸಲ್ಲುತ್ತದೆ. ಆದರೆ ಅದು ಕೂಡಲೇ ಕೈಗೆ ಸಿಗುವುದಿಲ್ಲ. ವಸ್ತುವನ್ನು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಮೊತ್ತವನ್ನು ತಡೆಹಿಡಿದು, ನಂತರ ಊರ್ಜಿತಗೊಳಿಸಲಾಗುತ್ತದೆ. ಗ್ರಾಹಕರು ಮಿಕ್ಸರನ್ನು ಮರಳಿಸಿದರೆ 150 ರೂಪಾಯಿಯೂ ಹೋಗುತ್ತದೆ. ಇದರ ಜೊತೆಗೆ, ಗಳಿಕೆ ಒಂದು ಕನಿಷ್ಠ ಮೊತ್ತ ತಲುಪುವವರೆಗೆ ಪಾವತಿ ಮಾಡದಿರುವುದು ರೂಢಿಯಲ್ಲಿದೆ.

ಕುಕೀಯ ಅವಧಿ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಅಮೆಜಾನ್‌ನಲ್ಲಿ ಅದು ಸಾಮಾನ್ಯವಾಗಿ 24 ಗಂಟೆ; ಆ ಅವಧಿಯಲ್ಲಿ ಗ್ರಾಹಕರು ವಸ್ತುವನ್ನು ಬುಟ್ಟಿಗೆ ಹಾಕಿದ್ದರೆ 90 ದಿನಗಳವರೆಗೆ ಲೆಕ್ಕಕ್ಕೆ ಬರುತ್ತದೆ. ಇತರ ಅನೇಕ ವ್ಯಾಪಾರಿಗಳು 30 ದಿನಗಳ ಅವಧಿ ನೀಡುತ್ತಾರೆ. ಸಾಬೂನು ಕೊಳ್ಳುವವರಿಗೆ ಒಂದು ದಿನ ಸಾಕು. ಪೀಠೋಪಕರಣ, ಪ್ರವಾಸ, ವಿಮೆ ಮುಂತಾದವುಗಳಲ್ಲಿ ಮನೆಯವರೆಲ್ಲ ಕೂತು ಚರ್ಚಿಸಿ ನಿರ್ಧರಿಸಲು ವಾರಗಳೇ ಬೇಕು. ಅಲ್ಲಿ ಚಿಕ್ಕ ಅವಧಿ ಇಟ್ಟರೆ ಕೊಳ್ಳುವ ನಿರ್ಧಾರಕ್ಕೆ ನೆರವಾದವನಿಗೆ ಏನೂ ದಕ್ಕುವುದಿಲ್ಲ.

ವ್ಯಾಪಾರಿ ಮತ್ತು ಪಾಲುದಾರರ ನಡುವೆ ಲೆಕ್ಕ ಇಡುವ, ಹಣ ಪಾವತಿಸುವ ಮಧ್ಯವರ್ತಿ ಸಂಸ್ಥೆಗಳೂ ಇವೆ. ಇವನ್ನು ಅಫಿಲಿಯೇಟ್ ಜಾಲಗಳು ಎನ್ನುತ್ತಾರೆ. ದೊಡ್ಡ ಸಂಸ್ಥೆಗಳು ಕಾರ್ಯಕ್ರಮವನ್ನು ತಾವೇ ನಡೆಸುವುದುಂಟು. ಚಿಕ್ಕ ವ್ಯಾಪಾರಿಗಳು ಸಾಮಾನ್ಯವಾಗಿ ಜಾಲವನ್ನು ಆಶ್ರಯಿಸುತ್ತಾರೆ.

ಇತಿಹಾಸ

ಮಾರಾಟ ಕುದುರಿಸಿದವನಿಗೆ ಪಾಲು ಕೊಡುವ ಪದ್ಧತಿ ಹಳೆಯದು. ಮಂಡಿಯ ದಲ್ಲಾಳಿಯೂ ವಿಮಾ ಏಜೆಂಟನೂ ಇದೇ ತತ್ತ್ವದ ಮೇಲೆ ದುಡಿಯುವವರು. ಇದನ್ನು ಗಣಕಜಾಲಕ್ಕೆ ಮೊದಲು ತಂದವರಲ್ಲಿ ಅಮೆರಿಕದ ವಿಲಿಯಂ ಜೆ. ಟೋಬಿನ್ ಒಬ್ಬರು. ಹೂವು ಮತ್ತು ಉಡುಗೊರೆಗಳನ್ನು ಮಾರುತ್ತಿದ್ದ ಅವರ ಪಿಸಿ ಫ್ಲವರ್ಸ್ ಅಂಡ್ ಗಿಫ್ಟ್ಸ್ ಸಂಸ್ಥೆ 1989ರಲ್ಲಿ ಪ್ರಾಡಿಜಿ ಎಂಬ ಚಂದಾದಾರರ ಗಣಕಜಾಲದಲ್ಲಿ ಆರಂಭವಾಯಿತು. ಮಾರಾಟದ ಮೇಲೆ ಪ್ರಾಡಿಜಿಗೆ ಕಮಿಷನ್ ಸಲ್ಲುತ್ತಿತ್ತು. ಟೋಬಿನ್ ತಮ್ಮ ವಿಧಾನಕ್ಕೆ 1996ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು; 2000ದಲ್ಲಿ ಅದು ಮಂಜೂರಾಯಿತು. ಜೇಸನ್ ಮತ್ತು ಮ್ಯಾಥ್ಯೂ ಓಲಿಮ್ ಎಂಬ ಅವಳಿ ಸೋದರರು ಸ್ಥಾಪಿಸಿದ್ದ ಸಂಗೀತ ಮಾರಾಟ ತಾಣ ಸಿಡಿನೌ, 1994ರ ನವೆಂಬರ್‌ನಲ್ಲಿ ಬೈವೆಬ್ ಎಂಬ ಕಾರ್ಯಕ್ರಮ ಆರಂಭಿಸಿತು. ಸಂಗೀತ ವಿಮರ್ಶೆ ಮಾಡುವ ತಾಣಗಳು ತಾವು ಬರೆದ ಆಲ್ಬಮ್‌ನ ಮಾರಾಟ ಪುಟಕ್ಕೆ ನೇರವಾಗಿ ಕೊಂಡಿ ಕೊಡುವುದು ಇದರ ಕ್ರಮವಾಗಿತ್ತು.

ಈ ಮಾದರಿಯನ್ನು ಮನೆಮಾತಾಗಿಸಿದ್ದು ಅಮೆಜಾನ್. ಅದರ ಅಸೋಸಿಯೇಟ್ಸ್ ಕಾರ್ಯಕ್ರಮ 1996ರ ಜುಲೈಯಲ್ಲಿ ಆರಂಭವಾಯಿತು. ಸಂಸ್ಥೆ ಆಗ ಕೇವಲ ಪುಸ್ತಕಗಳನ್ನು ಮಾರುತ್ತಿತ್ತು. ತೋಟಗಾರಿಕೆಯ ಬಗ್ಗೆ ಬರೆಯುವವನು ತೋಟಗಾರಿಕೆಯ ಪುಸ್ತಕಗಳನ್ನೂ, ಇತಿಹಾಸದ ತಾಣ ಇತಿಹಾಸದ ಪುಸ್ತಕಗಳನ್ನೂ ಶಿಫಾರಸು ಮಾಡಬಹುದಾಗಿತ್ತು. ಸಾವಿರಾರು ವಿಷಯಗಳಲ್ಲಿ ಪರಿಣತರಾದ ಅಂಗಡಿ ಸಹಾಯಕರನ್ನು ಸಂಬಳವಿಲ್ಲದೆ ಪಡೆದಂತೆ ಇದು ಕೆಲಸ ಮಾಡಿತು. ಈ ವ್ಯವಸ್ಥೆಯ ಅಂಶಗಳಿಗೆ ಅಮೆಜಾನ್ 2000ದ ಫೆಬ್ರವರಿಯಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು.

ಮಧ್ಯವರ್ತಿ ಜಾಲಗಳೂ ಇದೇ ಕಾಲದಲ್ಲಿ ಹುಟ್ಟಿದವು. ಲಿಂಕ್‌ಶೇರ್ 1996ರಲ್ಲಿ, ಕಮಿಷನ್ ಜಂಕ್ಷನ್ 1998ರಲ್ಲಿ, ಶೇರ್‌ಎಸೇಲ್ 2000ದಲ್ಲಿ ಸ್ಥಾಪನೆಯಾದವು. ಜಪಾನಿನ ರಾಕುಟೆನ್ 2005ರಲ್ಲಿ ಲಿಂಕ್‌ಶೇರನ್ನು 42.5 ಕೋಟಿ ಡಾಲರಿಗೆ ಕೊಂಡಿತು. ಯುರೋಪಿನ ಆವಿನ್ ಸಂಸ್ಥೆ 2017ರಲ್ಲಿ ಶೇರ್‌ಎಸೇಲನ್ನು ವಶಪಡಿಸಿಕೊಂಡಿತು.

2010ರ ದಶಕದಲ್ಲಿ ಪತ್ರಿಕಾ ಸಂಸ್ಥೆಗಳು ಈ ಆದಾಯದತ್ತ ತಿರುಗಿದವು. ಬ್ರಯಾನ್ ಲ್ಯಾಮ್ 2011ರಲ್ಲಿ ಸ್ಥಾಪಿಸಿದ ವೈರ್‌ಕಟರ್ ಎಂಬ ಉತ್ಪನ್ನ ಪರೀಕ್ಷಾ ತಾಣವು ಬಹುಮಟ್ಟಿಗೆ ಕಮಿಷನ್ ಆದಾಯದ ಮೇಲೆಯೇ ಬೆಳೆಯಿತು. 2016ರಲ್ಲಿ ಅದನ್ನು ನ್ಯೂಯಾರ್ಕ್ ಟೈಮ್ಸ್ ಸಂಸ್ಥೆ ಸುಮಾರು 3 ಕೋಟಿ ಡಾಲರಿಗೆ ಖರೀದಿಸಿತು. ಕಮಿಷನ್‌ಗಾಗಿ ಬರೆದ ವಿಮರ್ಶೆ ವಿಶ್ವಾಸಾರ್ಹವಾಗಿರಲಾರದು ಎಂಬ ಸಾಮಾನ್ಯ ಅಭಿಪ್ರಾಯಕ್ಕೆ ಈ ತಾಣ ಒಂದು ಉತ್ತರವಾಗಿತ್ತು: ಗ್ರಾಹಕರು ವಸ್ತುವನ್ನು ಮರಳಿಸಿದರೆ ಕಮಿಷನ್ ಇಲ್ಲವಾದ್ದರಿಂದ, ಕೆಟ್ಟ ಶಿಫಾರಸು ತಾಣಕ್ಕೂ ನಷ್ಟವೇ.

ಪಾಲುದಾರರ ಬಗೆಗಳು

ಪಾಲುದಾರರೆಲ್ಲರೂ ಒಂದೇ ಬಗೆಯವರಲ್ಲ. ಅವರಲ್ಲಿ ಮುಖ್ಯವಾದ ಭೇದ, ಗ್ರಾಹಕರನ್ನು ಖರೀದಿಯ ಯಾವ ಹಂತದಲ್ಲಿ ಸಂಧಿಸುತ್ತಾರೆ ಎಂಬುದರಲ್ಲಿದೆ. ವಿಮರ್ಶಾ ಲೇಖನ, ತುಲನಾತ್ಮಕ ಬರಹ, ವೀಡಿಯೊಗಳು ಗ್ರಾಹಕರಿಗೆ ವಸ್ತುವಿನ ಪರಿಚಯ ಮಾಡಿಸುತ್ತವೆ. ಕೂಪನ್ ತಾಣಗಳು, ಕ್ಯಾಶ್‌ಬ್ಯಾಕ್ ಆ್ಯಪ್‌ಗಳು ಮತ್ತು ಬ್ರೌಸರ್ ವಿಸ್ತರಣೆಗಳು ಬಹುಪಾಲು ಕೊಳ್ಳುವ ನಿರ್ಧಾರ ಆದ ಮೇಲೆ, ಕೆಲವೊಮ್ಮೆ ಹಣ ಪಾವತಿಸುವ ಪುಟದಲ್ಲೇ, ಪ್ರವೇಶಿಸುತ್ತವೆ. ಸಂಖ್ಯೆಯ ಲೆಕ್ಕದಲ್ಲಿ ಎರಡನೆಯ ಗುಂಪು ಸಂಸ್ಥೆಗೆ ಹೆಚ್ಚು ಮಾರಾಟ ತಂದಂತೆ ತೋರುತ್ತದೆ. ಆದರೆ ಆ ಮಾರಾಟಗಳಲ್ಲಿ ಎಷ್ಟು ಅವರಿಲ್ಲದೆಯೂ ಆಗುತ್ತಿದ್ದವು ಎಂಬ ಪ್ರಶ್ನೆ ಉಳಿಯುತ್ತದೆ. ಇಂಥ ಮಾರಾಟವನ್ನು ಕಳೆದು ಉಳಿಯುವ ನಿಜವಾದ ಹೆಚ್ಚಳವನ್ನು ಅಳೆಯದ ಸಂಸ್ಥೆಗಳು, ತಮಗೆ ಹೊಸ ಗ್ರಾಹಕರನ್ನು ತಂದುಕೊಟ್ಟ ಬರಹಗಾರರನ್ನು ಕಡೆಗಣಿಸಿ, ಬಾಗಿಲಲ್ಲಿ ನಿಂತವರಿಗೆ ಉಡುಗೊರೆ ಕೊಟ್ಟಂತಾಗುತ್ತದೆ.

ದರದ ಸ್ಥಿರತೆ

ಕಾರ್ಯಕ್ರಮಗಳು ಹೊಸ ಪಾಲುದಾರರನ್ನು ಸೆಳೆಯಲು ಹೆಚ್ಚಿನ ದರವನ್ನು ಪ್ರಕಟಿಸುವುದು ಸಾಮಾನ್ಯ. ಹಾಗೆ ಬಂದವರು ಉಳಿಯುವುದು ದರ ಸ್ಥಿರವಾಗಿದ್ದರೆ ಮಾತ್ರ. ಐದು ವರ್ಷಗಳ ಹಿಂದೆ ಬರೆದ ಲೇಖನ ಇಂದಿಗೂ ಓದುಗರನ್ನು ತರುತ್ತಿರಬಹುದು. ದರ ಇಳಿದರೆ ಆ ಲೇಖನದ ಗಳಿಕೆಯೂ ಇಳಿಯುತ್ತದೆ. ಹಿಂದೆ ಹಾಕಿದ ಶ್ರಮವನ್ನು ಬರಹಗಾರ ಮರಳಿ ಪಡೆಯಲಾರ.

ಇದಕ್ಕೆ ಅಮೆಜಾನ್‌ನ ನಡೆಯೇ ಹೆಚ್ಚು ಚರ್ಚೆಗೊಳಗಾದ ನಿದರ್ಶನ. ಹೆಚ್ಚು ವಸ್ತುಗಳನ್ನು ಮಾರಿಸಿದವರಿಗೆ ಹೆಚ್ಚು ದರ ನೀಡುವ ಶ್ರೇಣಿ ಪದ್ಧತಿಯನ್ನು ಅಮೆರಿಕದಲ್ಲಿ 2017ರ ಮಾರ್ಚ್‌ನಲ್ಲಿ ಕೈಬಿಟ್ಟು, ವಸ್ತುವಿನ ವರ್ಗಕ್ಕೆ ತಕ್ಕ ನಿಗದಿತ ದರವನ್ನು ಜಾರಿಗೆ ತರಲಾಯಿತು. ದೊಡ್ಡ ಪ್ರಮಾಣದಲ್ಲಿ ಮಾರಾಟ ತಂದುಕೊಡುತ್ತಿದ್ದವರಿಗೆ ದೊರೆಯುತ್ತಿದ್ದ ವಿಶೇಷ ಸ್ಥಾನ ಇದರಿಂದ ಹೋಯಿತು. ಮುಂದೆ 2020ರ ಏಪ್ರಿಲ್ 21ರಿಂದ ಪೀಠೋಪಕರಣ ಮತ್ತು ಮನೆ ದುರಸ್ತಿ ಸಾಮಗ್ರಿಗಳ ದರ ಶೇಕಡಾ 8ರಿಂದ 3ಕ್ಕೂ, ದಿನಸಿಯ ದರ ಶೇಕಡಾ 5ರಿಂದ 1ಕ್ಕೂ ಇಳಿಯಿತು. ಕೋವಿಡ್ ಕಾರಣದಿಂದ ಜನ ಮನೆಯೊಳಗೇ ಇದ್ದು ಅಂತರ್ಜಾಲದಲ್ಲಿ ಹೆಚ್ಚು ಕೊಳ್ಳುತ್ತಿದ್ದ ಸಮಯವದು. ಬದಲಾವಣೆಯ ಸೂಚನೆ ಪಾಲುದಾರರಿಗೆ ಒಂದು ವಾರದಷ್ಟು ಮುಂಚೆ ಬಂದಿತ್ತು. ಶೇಕಡಾ 8ರಿಂದ 3 ಎಂದರೆ, ಅದೇ ಮಾರಾಟಕ್ಕೆ ದೊರೆಯುವ ಹಣ ಅರ್ಧಕ್ಕಿಂತ ಕಡಿಮೆ. ಪೀಠೋಪಕರಣಗಳನ್ನೇ ನೆಚ್ಚಿಕೊಂಡಿದ್ದ ತಾಣಗಳು ಇತರ ವ್ಯಾಪಾರಿಗಳ ಕಾರ್ಯಕ್ರಮಗಳನ್ನು ಹುಡುಕಬೇಕಾಯಿತು. ಹೀಗಿದ್ದರೂ ಅಮೆಜಾನ್‌ನ ಕಾರ್ಯಕ್ರಮ ಕುಸಿಯಲಿಲ್ಲ. ಅಲ್ಲಿ ಬಹುತೇಕ ಎಲ್ಲ ವಸ್ತುಗಳೂ ದೊರೆಯುತ್ತವೆ. ಕೊಂಡಿಯಿಂದ ಹೋದವರು ಬೇರೆ ಏನನ್ನು ಕೊಂಡರೂ ಪಾಲುದಾರನಿಗೆ ಕಮಿಷನ್ ಸಲ್ಲುತ್ತದೆ. ಬೇರೆ ದಾರಿಯಿಲ್ಲದೆ ಉಳಿಯುವುದನ್ನು ನಿಷ್ಠೆ ಎನ್ನಲಾಗದು. ಮಾರುಕಟ್ಟೆಯಲ್ಲಿ ಅಂಥ ಪ್ರಾಬಲ್ಯವಿಲ್ಲದ ಸಂಸ್ಥೆ ಇದೇ ಹಾದಿ ಹಿಡಿದರೆ ಪಾಲುದಾರರನ್ನು ಉಳಿಸಿಕೊಳ್ಳುವುದು ಕಷ್ಟ.

ಆ್ಯಪಲ್‌ನ ಪ್ರಸಂಗ ಇನ್ನೂ ತೀವ್ರವಾದುದು. ಆ್ಯಪ್‌ಗಳ ಒಳಗಿನ ಖರೀದಿಯ ಮೇಲಿನ ಕಮಿಷನ್ನನ್ನು ಅದು 2017ರ ಮೇ ತಿಂಗಳಿನಲ್ಲಿ ಶೇಕಡಾ 7ರಿಂದ 2.5ಕ್ಕೆ ಇಳಿಸಿತು. 2018ರ ಅಕ್ಟೋಬರ್ 1ರಿಂದ ಆ್ಯಪ್‌ಗಳನ್ನೇ ಕಾರ್ಯಕ್ರಮದಿಂದ ಕೈಬಿಟ್ಟು ಸಂಗೀತ, ಚಲನಚಿತ್ರ, ಪುಸ್ತಕ ಮುಂತಾದವನ್ನು ಮಾತ್ರ ಉಳಿಸಿಕೊಂಡಿತು. ಆ್ಯಪ್ ಅಂಗಡಿಯೊಳಗೇ ಪರಿಚಯ ಲೇಖನಗಳು ಬರುತ್ತಿರುವುದರಿಂದ ಹೊರಗಿನವರ ನೆರವು ಬೇಕಿಲ್ಲ ಎಂಬ ಧಾಟಿಯ ಕಾರಣವನ್ನು ನೀಡಲಾಯಿತು. ಹತ್ತು ವರ್ಷಗಳಿಂದ ಐಫೋನ್ ಆಟಗಳ ಬಗ್ಗೆ ಬರೆಯುತ್ತಿದ್ದ ಟಚ್‌ಆರ್ಕೇಡ್‌ನಂಥ ತಾಣಗಳ ಮುಖ್ಯ ಆದಾಯ ಮೂಲಗಳಲ್ಲಿ ಒಂದು ಇದರಿಂದ ಬತ್ತಿತು.

ಈ ಅನುಭವಗಳ ಹಿನ್ನೆಲೆಯಲ್ಲಿ ಕೆಲವು ಕಾರ್ಯಕ್ರಮಗಳು ದರ ಇಳಿಸುವ ಮುನ್ನ 30 ಅಥವಾ 60 ದಿನಗಳ ಸೂಚನೆ ನೀಡುವ ಷರತ್ತನ್ನು ಕರಾರಿನಲ್ಲೇ ಸೇರಿಸುತ್ತವೆ. ಹಳೆಯ ಪಾಲುದಾರರಿಗೆ ಹಳೆಯ ದರವನ್ನೇ ಮುಂದುವರಿಸುವ ಕ್ರಮವೂ ಇದೆ.

ಮರುಕಳಿಸುವ ಕಮಿಷನ್

ತಿಂಗಳ ಚಂದಾ ಪಡೆಯುವ ತಂತ್ರಾಂಶ ಸಂಸ್ಥೆಗಳಲ್ಲಿ, ಗ್ರಾಹಕರು ಚಂದಾ ಕಟ್ಟುವಷ್ಟು ಕಾಲವೂ ಪಾಲುದಾರನಿಗೆ ಪಾಲು ಸಲ್ಲುವ ಪದ್ಧತಿ ಪ್ರಚಲಿತವಾಗಿದೆ. ಭಾರತೀಯ ಜೀವ ವಿಮಾ ನಿಗಮದ ಏಜೆಂಟರಿಗೆ ಪ್ರತಿ ವರ್ಷದ ಕಂತಿನ ಮೇಲೆ ದೊರೆಯುವ ನವೀಕರಣ ಕಮಿಷನ್‌ಗೆ ಇದನ್ನು ಹೋಲಿಸಬಹುದು. ಗ್ರಾಹಕರು ಉಳಿದರೆ ಮಾತ್ರ ತನಗೂ ಆದಾಯ ಎಂಬುದರಿಂದ, ಪಾಲುದಾರನು ತಂತ್ರಾಂಶ ನಿಜಕ್ಕೂ ಬೇಕಾದವರಿಗೆ ಮಾತ್ರ ಅದನ್ನು ಶಿಫಾರಸು ಮಾಡುತ್ತಾನೆ. ಅದರ ಬಳಕೆಯನ್ನು ಕಲಿಸುವ ಪಾಠಗಳನ್ನೂ ಬರೆಯುತ್ತಾನೆ. ಸಂಸ್ಥೆಗೆ ಈ ಬದ್ಧತೆ ದುಬಾರಿಯೂ ಆಗಬಹುದು. ಆದ್ದರಿಂದ ಕೆಲವು ಸಂಸ್ಥೆಗಳು ಪಾವತಿಯನ್ನು ಮೊದಲ 12 ತಿಂಗಳಿಗೆ ಮಿತಿಗೊಳಿಸುತ್ತವೆ. ಜೀವಿತಾವಧಿಯ ಕಮಿಷನ್ ಎಂದು ಘೋಷಿಸಿ ನಂತರ ಹಿಂತೆಗೆದುಕೊಳ್ಳುವುದಕ್ಕಿಂತ, ಆರಂಭದಲ್ಲೇ ಮಿತಿಯನ್ನು ತಿಳಿಸುವುದು ಸಂಬಂಧಕ್ಕೆ ಕಡಿಮೆ ಹಾನಿಕರ.

ಪಾವತಿ, ಮಾಹಿತಿ ಮತ್ತು ನಿರ್ವಹಣೆ

ಸಕಾಲಕ್ಕೆ ಹಣ ಪಾವತಿಸುವುದು ಕಾರ್ಯಕ್ರಮದ ಹೆಸರನ್ನು ಕಾಪಾಡುವ ಮೊದಲ ಅಂಶ. ಅಮೆಜಾನ್ ಸಾಮಾನ್ಯವಾಗಿ ತಿಂಗಳು ಮುಗಿದ ಸುಮಾರು 60 ದಿನಗಳ ನಂತರ ಪಾವತಿಸುತ್ತದೆ. ಅವಧಿ ದೀರ್ಘವಾದರೂ ದಿನಾಂಕ ಖಚಿತವಾಗಿರುವುದರಿಂದ ಪಾಲುದಾರರು ಅದಕ್ಕೆ ಹೊಂದಿಕೊಂಡಿದ್ದಾರೆ. ಕಮಿಷನ್ ರದ್ದಾದಾಗ ಕಾರಣ ತಿಳಿಸದಿರುವುದು ಅಸಮಾಧಾನಕ್ಕೆ ಹೆಚ್ಚು ಎಡೆಮಾಡುತ್ತದೆ. ಮಾರಾಟದ ಲೆಕ್ಕ ಇರುವುದು ವ್ಯಾಪಾರಿಯ ಗಣಕದಲ್ಲಿ. ವಸ್ತು ಮರಳಿತೇ, ಆದೇಶ ರದ್ದಾಯಿತೇ, ಇಲ್ಲವೇ ಲೆಕ್ಕದಲ್ಲೇ ದೋಷವಿತ್ತೇ ಎಂಬುದನ್ನು ಪರಿಶೀಲಿಸಲು ಪಾಲುದಾರನಿಗೆ ಸ್ವತಂತ್ರ ಮಾರ್ಗವಿಲ್ಲ.

ಕೆಲವು ಸಂಸ್ಥೆಗಳು ಅಫಿಲಿಯೇಟ್ ವ್ಯವಸ್ಥಾಪಕ ಎಂಬ ಹುದ್ದೆಯನ್ನು ಹೊಂದಿವೆ. ಪ್ರಶ್ನೆಗಳಿಗೆ ಉತ್ತರಿಸುವುದು, ಹೊಸ ಉತ್ಪನ್ನಗಳ ಮಾಹಿತಿಯನ್ನು ಮುಂಚಿತವಾಗಿ ನೀಡುವುದು, ಪರೀಕ್ಷೆಗೆ ಮಾದರಿ ವಸ್ತು ಕಳುಹಿಸುವುದು, ಮುರಿದ ಕೊಂಡಿಗಳನ್ನು ಸರಿಪಡಿಸುವುದು ಇವರ ಕೆಲಸ. ಯಾವ ಪುಟದಿಂದ ಎಷ್ಟು ಮಾರಾಟವಾಯಿತು ಎಂಬ ವಿವರವಾದ ಅಂಕಿಅಂಶ ದೊರೆತರೆ ಪಾಲುದಾರನು ತನ್ನ ಬರಹವನ್ನು ಉತ್ತಮಪಡಿಸಿಕೊಳ್ಳಬಲ್ಲ. ಉತ್ಪನ್ನವೇ ಕಳಪೆಯಾಗಿದ್ದರೆ ಅಥವಾ ಪಾವತಿ ಪುಟ ಮಧ್ಯದಲ್ಲಿ ಕೈಕೊಡುತ್ತಿದ್ದರೆ ಇವು ಯಾವುವೂ ನೆರವಾಗುವುದಿಲ್ಲ. ನೂರು ಜನರನ್ನು ಕಳುಹಿಸಿದಾಗ ಎಷ್ಟು ಗಳಿಕೆಯಾಗುತ್ತದೆ ಎಂಬುದೇ ಅನುಭವಿ ಪಾಲುದಾರರ ಅಳತೆಗೋಲು. ಶೇಕಡಾ 10ರ ದರದಲ್ಲಿ ಒಬ್ಬರು ಕೊಳ್ಳುವ ಅಂಗಡಿಗಿಂತ ಶೇಕಡಾ 4ರ ದರದಲ್ಲಿ ಐವರು ಕೊಳ್ಳುವ ಅಂಗಡಿ ಅವರಿಗೆ ಮೇಲು.

ಶ್ರೇಯದ ಹಂಚಿಕೆ

ಒಬ್ಬ ಗ್ರಾಹಕರು ಖರೀದಿಗೆ ಮುನ್ನ ಹಲವು ಪಾಲುದಾರರ ಕೊಂಡಿಗಳನ್ನು ಒತ್ತಿರಬಹುದು. ಆಗ ಕಮಿಷನ್ ಯಾರಿಗೆ ಸಲ್ಲಬೇಕು? ಈ ಕ್ಷೇತ್ರದಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ ಕೊನೆಯ ಕ್ಲಿಕ್ ಪದ್ಧತಿ: ಖರೀದಿಗೆ ಮೊದಲು ಕೊನೆಯದಾಗಿ ಒತ್ತಿದ ಕೊಂಡಿ ಯಾರದೋ ಅವರಿಗೆ ಪೂರ್ಣ ಮೊತ್ತ. ಲೆಕ್ಕಕ್ಕೆ ಇದು ಸುಲಭ. ನ್ಯಾಯಕ್ಕೆ ಅಷ್ಟು ಹತ್ತಿರವಲ್ಲ. ವಾರಗಟ್ಟಲೆ ಪರೀಕ್ಷಿಸಿ ವಿಮರ್ಶೆ ಬರೆದವನ ಕುಕೀಯನ್ನು, ಪಾವತಿ ಪುಟದಲ್ಲಿ ಕೂಪನ್ ತೋರಿಸಿದವನ ಕುಕೀ ಅಳಿಸಿಹಾಕುತ್ತದೆ.

ಈ ವಿಚಾರ ಹನಿ ಎಂಬ ಬ್ರೌಸರ್ ವಿಸ್ತರಣೆಯ ಕಾರಣದಿಂದ ಸಾರ್ವಜನಿಕ ಚರ್ಚೆಗೆ ಬಂದಿತು. ಕೂಪನ್ ಸಂಕೇತಗಳನ್ನು ತಾನಾಗಿ ಹುಡುಕಿಕೊಡುವ ಹನಿಯನ್ನು ಪೇಪಾಲ್ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಕೊಂಡಿತ್ತು. ವ್ಯವಹಾರ 2020ರ ಜನವರಿಯಲ್ಲಿ ಪೂರ್ಣಗೊಂಡಿತು. ಪಾವತಿಯ ವೇಳೆ ಹನಿಯು ಇತರರ ಅಫಿಲಿಯೇಟ್ ಗುರುತನ್ನು ತೆಗೆದು ತನ್ನದನ್ನು ಇರಿಸುತ್ತದೆ, ಕೂಪನ್ ಸಿಗದಿದ್ದಾಗಲೂ ಹಾಗೆ ಮಾಡುತ್ತದೆ ಎಂದು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಯೂಟ್ಯೂಬ್ ವೀಡಿಯೊ ಒಂದು ಆರೋಪಿಸಿತು. ಅದನ್ನು ಜಾಹೀರಾತು ಮಾಡಿದ್ದ ವೀಡಿಯೊ ನಿರ್ಮಾಪಕರೇ ತಮ್ಮ ಕಮಿಷನ್ ಕಳೆದುಕೊಂಡಿರಬಹುದು ಎಂಬುದು ವಿವಾದದ ಕಾವನ್ನು ಹೆಚ್ಚಿಸಿತು. ಕೊನೆಯ ಕ್ಲಿಕ್ ಸೇರಿದಂತೆ ಉದ್ಯಮದ ನಿಯಮಗಳನ್ನು ತಾನು ಪಾಲಿಸುತ್ತಿರುವುದಾಗಿ ಪೇಪಾಲ್ ಹೇಳಿತು. ಅಮೆರಿಕದ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ದಾಖಲಾದವು. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಕ್ರೋಮ್ ವಿಸ್ತರಣೆಗಳ ನೀತಿಯನ್ನು ಬಿಗಿಗೊಳಿಸಿ, ಬಳಕೆದಾರರಿಗೆ ನೇರ ಪ್ರಯೋಜನವಿಲ್ಲದೆ ಅಫಿಲಿಯೇಟ್ ಕೊಂಡಿಗಳನ್ನು ಸೇರಿಸುವುದನ್ನು ನಿಷೇಧಿಸಿತು.

ವ್ಯಾಪಾರಿ ಸಂಸ್ಥೆಗಳ ಮುಂದೆ ಹಲವು ಪರ್ಯಾಯಗಳಿವೆ. ಮೊದಲು ಪರಿಚಯಿಸಿದವನಿಗೂ ಕೊನೆಯಲ್ಲಿ ಬಂದವನಿಗೂ ಕಮಿಷನ್ ಹಂಚಬಹುದು. ಪಾವತಿ ಪುಟದಲ್ಲಿ ಬರುವ ಪಾಲುದಾರರಿಗೆ ಕಡಿಮೆ ದರ ನಿಗದಿಪಡಿಸಬಹುದು. ಬೇರೆ ಪಾಲುದಾರನ ಕ್ಲಿಕ್ ಕಂಡುಬಂದಾಗ ಬ್ರೌಸರ್ ವಿಸ್ತರಣೆಯು ಹಿಂದೆ ಸರಿಯಬೇಕೆಂಬ ನಿಯಮವನ್ನು ಹಲವು ಜಾಲಗಳು ಈಗಾಗಲೇ ವಿಧಿಸಿವೆ. ಅದು ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸುವ ಹೊಣೆ ಮಾತ್ರ ಬಹುಮಟ್ಟಿಗೆ ವ್ಯಾಪಾರಿಯದು.

ವಂಚನೆ

ಗ್ರಾಹಕರು ಕೊಂಡಿಯನ್ನು ಒತ್ತದೇ ಇದ್ದರೂ ಅವರ ಬ್ರೌಸರಿಗೆ ರಹಸ್ಯವಾಗಿ ಕುಕೀ ಸೇರಿಸುವುದನ್ನು ಕುಕೀ ತುರುಕುವಿಕೆ ಎನ್ನುತ್ತಾರೆ. ಮುಂದೆ ಅವರು ತಾವಾಗಿಯೇ ಆ ತಾಣಕ್ಕೆ ಹೋಗಿ ಕೊಂಡರೂ ವಂಚಕನಿಗೆ ಕಮಿಷನ್ ಸಲ್ಲುತ್ತದೆ. ಇಬೇ ಸಂಸ್ಥೆ 2008ರಲ್ಲಿ ಇಂಥ ಆರೋಪದ ಮೇಲೆ ಮೊಕದ್ದಮೆ ಹೂಡಿತು. ಅಮೆರಿಕದ ಎಫ್‌ಬಿಐ ತನಿಖೆಯ ನಂತರ, ಇಬೇ ಕಾರ್ಯಕ್ರಮದಲ್ಲಿ ಅತ್ಯಂತ ಹೆಚ್ಚು ಗಳಿಸುತ್ತಿದ್ದ ಇಬ್ಬರು ತಪ್ಪೊಪ್ಪಿಕೊಂಡರು. 2014ರಲ್ಲಿ ಒಬ್ಬರಿಗೆ 5 ತಿಂಗಳು, ಇನ್ನೊಬ್ಬರಿಗೆ 15 ತಿಂಗಳು ಸೆರೆವಾಸ ವಿಧಿಸಲಾಯಿತು. ಗಳಿಕೆಯ ಪಟ್ಟಿಯಲ್ಲಿ ಮೇಲಿರುವವರೇ ಅತ್ಯುತ್ತಮ ಪಾಲುದಾರರೆಂದು ಭಾವಿಸುವುದರ ಅಪಾಯವನ್ನು ಈ ಪ್ರಕರಣ ತೋರಿಸುತ್ತದೆ. ಇಬೇ 2008ರಲ್ಲೇ ಮಧ್ಯವರ್ತಿ ಜಾಲವನ್ನು ತೊರೆದು ತನ್ನದೇ ಆದ ಪಾರ್ಟ್‌ನರ್ ನೆಟ್‌ವರ್ಕ್ ಆರಂಭಿಸಿತು.

ವ್ಯಾಪಾರಿಯ ಹೆಸರನ್ನೇ ಹುಡುಕು ಪದವಾಗಿ ಬಳಸಿ ಜಾಹೀರಾತು ನೀಡುವುದು, ಸುಳ್ಳು ಕೂಪನ್ ಪ್ರಕಟಿಸುವುದು, ತನ್ನದೇ ಕೊಂಡಿಯಿಂದ ತಾನೇ ಕೊಳ್ಳುವುದು ಇತರ ಸಾಮಾನ್ಯ ಅಕ್ರಮಗಳು. ವಂಚನೆಯಿಂದ ಹೋಗುವ ಹಣ ಸಂಸ್ಥೆಯದಷ್ಟೇ ಅಲ್ಲ. ಕದ್ದ ಪ್ರತಿ ಕಮಿಷನ್ ಪ್ರಾಮಾಣಿಕ ಪಾಲುದಾರನಿಗೆ ಸಲ್ಲಬೇಕಾದುದಾಗಿರಬಹುದು. ಕಾರ್ಯಕ್ರಮ ಲಾಭದಾಯಕವಲ್ಲವೆಂದು ಕಂಡಾಗ ದರ ಇಳಿಯುವುದೂ ಎಲ್ಲರಿಗೂ. ಅರ್ಜಿದಾರರನ್ನು ಪರಿಶೀಲಿಸಿ ಸೇರಿಸಿಕೊಳ್ಳುವುದನ್ನು ಈ ಕಾರಣದಿಂದ ಪಾಲುದಾರರೂ ಸ್ವಾಗತಿಸುತ್ತಾರೆ.

ತೆರಿಗೆ ಕಾನೂನು ಮತ್ತು ಹಠಾತ್ ಸ್ಥಗಿತ

ಅಮೆರಿಕದಲ್ಲಿ, ವ್ಯಾಪಾರಿಗೆ ಭೌತಿಕ ನೆಲೆ ಇಲ್ಲದ ರಾಜ್ಯವು ಅವನಿಂದ ಮಾರಾಟ ತೆರಿಗೆ ಸಂಗ್ರಹಿಸುವಂತೆ ಕೇಳುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಹೇಳಿತ್ತು. ರಾಜ್ಯದೊಳಗಿರುವ ಅಫಿಲಿಯೇಟ್ ಪಾಲುದಾರರೇ ಅಂಥ ನೆಲೆ ಎಂಬ ವಾದದ ಮೇಲೆ ನ್ಯೂಯಾರ್ಕ್ 2008ರಲ್ಲಿ ಕಾನೂನು ಮಾಡಿತು. ಓವರ್‌ಸ್ಟಾಕ್ ಸಂಸ್ಥೆ ನ್ಯೂಯಾರ್ಕ್‌ನ ಪಾಲುದಾರರನ್ನು ಕೈಬಿಟ್ಟಿತು. ಇದೇ ಬಗೆಯ ಕಾನೂನುಗಳು ಬಂದಾಗ ಅಮೆಜಾನ್ 2009ರಲ್ಲಿ ನಾರ್ತ್ ಕ್ಯಾರೊಲೈನ ಮತ್ತು ರೋಡ್ ಐಲೆಂಡ್, 2010ರಲ್ಲಿ ಕೊಲರಾಡೊ, 2011ರಲ್ಲಿ ಇಲಿನಾಯ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳ ಪಾಲುದಾರರ ಖಾತೆಗಳನ್ನು ಮುಚ್ಚಿತು. ಕ್ಯಾಲಿಫೋರ್ನಿಯದವರನ್ನು ಸರ್ಕಾರದೊಡನೆ ಒಪ್ಪಂದವಾದ ಬಳಿಕ ಅದೇ ವರ್ಷ ಮತ್ತೆ ಸೇರಿಸಿಕೊಳ್ಳಲಾಯಿತು. ತಮ್ಮ ತಪ್ಪಿಲ್ಲದೆ, ವಾಸಿಸುವ ರಾಜ್ಯದ ಕಾರಣಕ್ಕಾಗಿ ಆದಾಯ ಕಳೆದುಕೊಂಡ ಇವರು ಇಬ್ಬರ ಜಗಳದಲ್ಲಿ ಸಿಲುಕಿದವರು. 2018ರಲ್ಲಿ ಸೌತ್ ಡಕೋಟ ಮತ್ತು ವೇಫೇರ್ ನಡುವಿನ ಮೊಕದ್ದಮೆಯಲ್ಲಿ ಭೌತಿಕ ನೆಲೆಯ ನಿಯಮವೇ ರದ್ದಾದ್ದರಿಂದ ಈ ವಿವಾದ ಅಪ್ರಸ್ತುತವಾಯಿತು.

ಬ್ರೌಸರ್‌ಗಳ ಬದಲಾವಣೆ

ಆ್ಯಪಲ್‌ನ ಸಫಾರಿ ಬ್ರೌಸರ್ 2017ರಿಂದ ಹಂತಹಂತವಾಗಿ ಕುಕೀಗಳ ಮೇಲೆ ನಿರ್ಬಂಧ ಹೇರಿ, 2020ರಲ್ಲಿ ಮೂರನೆಯವರ ಕುಕೀಗಳನ್ನು ಪೂರ್ಣವಾಗಿ ತಡೆಯಿತು. ಫೈರ್‌ಫಾಕ್ಸ್ 2019ರಲ್ಲಿ ಜಾಡು ಹಿಡಿಯುವ ಕುಕೀಗಳನ್ನು ತಡೆಯಲಾರಂಭಿಸಿತು. ಗೂಗಲ್ 2020ರಲ್ಲಿ ಇಂಥದೇ ಯೋಜನೆ ಪ್ರಕಟಿಸಿ, 2025ರ ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ತಂತ್ರಜ್ಞಾನವನ್ನೇ ಉಳಿಸಿಕೊಂಡ ಕಾರ್ಯಕ್ರಮಗಳಲ್ಲಿ ಐಫೋನ್ ಬಳಕೆದಾರರ ಖರೀದಿಗಳು ದಾಖಲಾಗದೆ ಹೋಗುತ್ತವೆ. ಮಾರಾಟದ ವಿವರವನ್ನು ವ್ಯಾಪಾರಿಯ ಸರ್ವರ್ ನೇರವಾಗಿ ಜಾಲದ ಸರ್ವರಿಗೆ ಕಳುಹಿಸುವ ವ್ಯವಸ್ಥೆ ಇದಕ್ಕೆ ಪರಿಹಾರ. ಇದನ್ನು ಅಳವಡಿಸುವ ಖರ್ಚು ವ್ಯಾಪಾರಿಯದು, ಅಳವಡಿಸದಿದ್ದರೆ ಆಗುವ ನಷ್ಟ ಪಾಲುದಾರನದು. ವಿಳಂಬಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ

ಭಾರತದಲ್ಲಿ ಈ ಪದ್ಧತಿ ಅಂತರ್ಜಾಲ ಅಂಗಡಿಗಳ ಬೆಳವಣಿಗೆಯೊಂದಿಗೆ ಹರಡಿತು. ಬೆಂಗಳೂರಿನಲ್ಲಿ 2007ರಲ್ಲಿ ಸ್ಥಾಪನೆಯಾದ ಫ್ಲಿಪ್‌ಕಾರ್ಟ್ ಮತ್ತು 2013ರ ಜೂನ್‌ನಲ್ಲಿ ಭಾರತದ ತಾಣ ಆರಂಭಿಸಿದ ಅಮೆಜಾನ್ ಇಲ್ಲಿ ಅಫಿಲಿಯೇಟ್ ಕಾರ್ಯಕ್ರಮಗಳನ್ನು ನಡೆಸಿವೆ. ಕ್ಯಾಶ್‌ಕರೋ 2013ರಲ್ಲಿ ಆರಂಭವಾಗಿ, ತನಗೆ ಬಂದ ಕಮಿಷನ್‌ನ ಒಂದು ಭಾಗವನ್ನು ಗ್ರಾಹಕರಿಗೇ ಮರಳಿಸುವ ಮಾದರಿಯನ್ನು ಪರಿಚಯಿಸಿತು. ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ 2015ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮೀಶೋ ಇದಕ್ಕೆ ಸಮೀಪದ, ಆದರೆ ಭಿನ್ನವಾದ ದಾರಿ ಹಿಡಿಯಿತು. ಅದರಲ್ಲಿ ಮರುಮಾರಾಟಗಾರರು ವಾಟ್ಸ್ಆ್ಯಪ್ ಮೂಲಕ ಪರಿಚಿತರಿಗೆ ವಸ್ತುಗಳ ಚಿತ್ರ ಕಳುಹಿಸಿ, ತಮ್ಮ ಲಾಭವನ್ನು ಬೆಲೆಗೆ ತಾವೇ ಸೇರಿಸಿಕೊಳ್ಳುತ್ತಿದ್ದರು. ದರ ನಿರ್ಧರಿಸುವ ಅಧಿಕಾರ ಅಲ್ಲಿ ಪಾಲುದಾರನ ಕೈಯಲ್ಲಿತ್ತು. ಮುಂದೆ ಸಂಸ್ಥೆ ಗ್ರಾಹಕರಿಗೆ ನೇರ ಮಾರಾಟದತ್ತ ಹೊರಳಿತು.

ಆದಾಯ ತೆರಿಗೆ ಕಾಯ್ದೆ 1961ರ 194ಎಚ್ ಕಲಮಿನ ಅಡಿಯಲ್ಲಿ ಕಮಿಷನ್ ಪಾವತಿಯಿಂದ ಮೂಲದಲ್ಲೇ ತೆರಿಗೆ ಕಡಿತವಾಗುತ್ತಿತ್ತು. ಶೇಕಡಾ 5ರಷ್ಟಿದ್ದ ಈ ದರವನ್ನು 2024ರ ಅಕ್ಟೋಬರ್ 1ರಿಂದ ಶೇಕಡಾ 2ಕ್ಕೆ ಇಳಿಸಲಾಯಿತು.

ಕಮಿಷನ್ ಪಡೆಯುವ ವಿಷಯವನ್ನು ಓದುಗರಿಗೆ ತಿಳಿಸುವುದು ಹಲವು ದೇಶಗಳಲ್ಲಿ ಕಡ್ಡಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ತನ್ನ ಮಾರ್ಗಸೂಚಿಯನ್ನು ಬ್ಲಾಗ್ ಬರಹಗಾರರಿಗೂ ವಿಸ್ತರಿಸಿತು. ಭಾರತದ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಸಾಮಾಜಿಕ ಜಾಲದ ಪ್ರಭಾವಿಗಳಿಗೆ ನಿಯಮ ರೂಪಿಸಿತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ, ಹಣಕಾಸಿನ ಸಂಬಂಧದ ಪ್ರಕಟಣೆಯು ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ಕನ್ನಡದ ವೀಡಿಯೊದಲ್ಲಿ ಫೋನ್ ಒಂದನ್ನು ಶಿಫಾರಸು ಮಾಡಿ, ಕೆಳಗಿನ ಕೊಂಡಿಯಿಂದ ಕಮಿಷನ್ ಬರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಈ ನಿಯಮ ಪಾಲಿಸಿದಂತಾಗುವುದಿಲ್ಲ. ಪಾಲುದಾರರಿಗೆ ಒದಗಿಸುವ ಸಿದ್ಧ ಒಕ್ಕಣೆಯನ್ನು ಪ್ರಾದೇಶಿಕ ಭಾಷೆಗಳಲ್ಲೂ ನೀಡುವುದು ಕಾರ್ಯಕ್ರಮ ನಡೆಸುವ ಸಂಸ್ಥೆಗೆ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲಸ.